ಓದುಗರ ಪ್ರಶ್ನೆ, ನಮ್ಮ ಉತ್ತರ: ಜಿಮ್ ಟ್ರೇನರ್‌ಗಳ ಯೂನಿಯನ್ ಕಟ್ಟುವುದು ಹೇಗೆ?

ಜಿಮ್, ಯೋಗ ಸ್ಟುಡಿಯೊ, ಜುಂಬಾ ತರಗತಿಗಳಲ್ಲಿ ದುಡಿಯುವವರ ಪತ್ರಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಬಂದಿದೆ: ನಮಗೂ ಒಂದು ಸಂಘ ಬೇಕು, ಎಲ್ಲಿಂದ ಶುರು ಮಾಡುವುದು? 2020ರ ಮಾರ್ಚ್‌ನಿಂದ ಆಗಸ್ಟ್ 5ರವರೆಗೆ ಜಿಮ್‌ಗಳು ಬಾಗಿಲು ಹಾಕಿದ್ದಾಗ ಸಂಬಳವೂ ಇಲ್ಲದೆ ಕಮಿಷನ್ನೂ ಇಲ್ಲದೆ ಕಳೆದ ತಿಂಗಳುಗಳ ನೆನಪು ಹಲವು ಪತ್ರಗಳಲ್ಲಿದೆ. ಉತ್ತರಕ್ಕೆ ಮುಂಚೆ ಒಂದು ವಿಷಯ. ಇಷ್ಟು ವರ್ಷ ಯೂನಿಯನ್ ನೋಂದಣಿಗೆ ಆಧಾರವಾಗಿದ್ದದ್ದು 1926ರ ಟ್ರೇಡ್ ಯೂನಿಯನ್ ಕಾಯ್ದೆ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಬಂದಿದೆ. ಅಂತರ್ಜಾಲದಲ್ಲಿ ಸಿಗುವ ಹಳೆಯ ಫಾರಂ ತುಂಬಿಕೊಂಡು ಹೋಗಬೇಡಿ. ಕಾರ್ಮಿಕ ಇಲಾಖೆಯಲ್ಲಿ ಆ ದಿನ ಚಾಲ್ತಿಯಲ್ಲಿರುವ ನಮೂನೆಯನ್ನೇ ಕೇಳಿ ಪಡೆಯಿರಿ.

ಪ್ರ: ನನ್ನ ಅಗ್ರಿಮೆಂಟಿನಲ್ಲಿ ‘ಫ್ರೀಲಾನ್ಸ್ ಕನ್ಸಲ್ಟೆಂಟ್’ ಅಂತ ಬರೆದಿದೆ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಪಿಟಿ (ಪರ್ಸನಲ್ ಟ್ರೇನಿಂಗ್) ಕಮಿಷನ್ನಿನಲ್ಲಿ ಶೇ 10 ಟಿಡಿಎಸ್ ಹಿಡಿಯುತ್ತಾರೆ. ‘ನೀನು ನಮ್ಮ ನೌಕರನೇ ಅಲ್ಲ, ನಿನಗೆಂಥ ಯೂನಿಯನ್’ ಅನ್ನುತ್ತಾರೆ ಮ್ಯಾನೇಜರ್. ಹೌದೇ?
— ಪರ್ಸನಲ್ ಟ್ರೇನರ್, ರಾಜಾಜಿನಗರ, ಬೆಂಗಳೂರು

ಉ: ಇದರಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಮ್ಯಾನೇಜರ್ ಎರಡನ್ನೂ ಒಂದೇ ಮಾಡಿ ನಿಮ್ಮನ್ನು ಹೆದರಿಸುತ್ತಿದ್ದಾರೆ.

ಯೂನಿಯನ್ ಸೇರಬಹುದೇ ಎಂಬುದು ಮೊದಲನೆಯದು. ಖಂಡಿತ ಸೇರಬಹುದು. ಹೊಸ ಸಂಹಿತೆಯಲ್ಲಿ ಟ್ರೇಡ್ ಯೂನಿಯನ್ ಅಧ್ಯಾಯದ ಮಟ್ಟಿಗೆ ‘ಕಾರ್ಮಿಕ’ ಎಂದರೆ ಆ ಉದ್ಯಮದಲ್ಲಿ ಕೆಲಸಕ್ಕಿರುವ ಎಲ್ಲರೂ. ಅದರ ಜೊತೆಗೆ, 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆ ಯಾರನ್ನು ಅಸಂಘಟಿತ ಕಾರ್ಮಿಕ ಎಂದಿತ್ತೋ ಅವರೂ ಸೇರುತ್ತಾರೆ. ಸ್ವಯಂ ಉದ್ಯೋಗಿಗಳು ಆ ವ್ಯಾಖ್ಯೆಯೊಳಗಿದ್ದಾರೆ. ಅಮೆರಿಕದಲ್ಲಿ ಸ್ವತಂತ್ರ ಗುತ್ತಿಗೆದಾರರನ್ನು 1947ರಲ್ಲೇ ಅಲ್ಲಿನ ಕಾರ್ಮಿಕ ಕಾನೂನಿನಿಂದ ಹೊರಗಿಟ್ಟರು. ಅಲ್ಲಿನ ವಿಡಿಯೊ ನೋಡಿ ‘ಫ್ರೀಲಾನ್ಸರ್‌ಗೆ ಸಂಘವಿಲ್ಲ’ ಎಂದುಕೊಂಡವರು ನಮ್ಮಲ್ಲಿ ಬಹಳ ಜನ. ಇಲ್ಲಿ ಆ ಅಡ್ಡಿ ಇಲ್ಲ.

ಎರಡನೆಯದು, ಪಿಎಫ್, ಇಎಸ್‌ಐ, ರಜೆ, ಓವರ್‌ಟೈಮ್‌ ಸಿಗುವಂಥ ನೌಕರರೇ ನೀವು ಎಂಬುದು. ಇದಕ್ಕೆ ಉತ್ತರ ಅಗ್ರಿಮೆಂಟಿನ ಮೇಲಿನ ಹೆಸರಿನಲ್ಲಿ ಸಿಗುವುದಿಲ್ಲ, ನಿಮ್ಮ ದಿನಚರಿಯಲ್ಲಿ ಸಿಗುತ್ತದೆ. ಸುಪ್ರೀಂ ಕೋರ್ಟ್ 1973ರಲ್ಲಿ ಸಿಲ್ವರ್ ಜ್ಯೂಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಟ್ರೇನರ್‌ಗಳಿಗೆ ಅಳತೆ ತೆಗೆದು ಹೊಲಿದಂತಿದೆ. ಅಲ್ಲಿನ ದರ್ಜಿಗಳಿಗೆ ತಿಂಗಳ ಸಂಬಳವಿರಲಿಲ್ಲ, ಹೊಲಿದ ಬಟ್ಟೆಯ ಲೆಕ್ಕದಲ್ಲಿ ಕೂಲಿ. ಕೆಲವರು ಬೇರೆ ಅಂಗಡಿಗೂ ಹೊಲಿಯುತ್ತಿದ್ದರು. ಆದರೂ ಅವರು ನೌಕರರೇ ಎಂದಿತು ಕೋರ್ಟು. ಹೊಲಿಗೆ ಯಂತ್ರ ಅಂಗಡಿಯವರದು, ಹೊಲಿಗೆ ಸರಿಯಿಲ್ಲದಿದ್ದರೆ ತಿರುಗಿಸಿ ಕೊಡುವ ಅಧಿಕಾರವೂ ಅಂಗಡಿಯವರದೇ ಆಗಿತ್ತು. ಯಂತ್ರದ ಜಾಗದಲ್ಲಿ ಟ್ರೆಡ್‌ಮಿಲ್, ಕೇಬಲ್ ಮಷೀನ್ ಇಟ್ಟು ನೋಡಿ. ಪಿಟಿ ಪ್ಯಾಕೇಜಿನ ಬೆಲೆ ನಿಗದಿ ಮಾಡುವವರು ಯಾರು? ಕ್ಲೈಂಟಿನ ಹಣ ಯಾರ ಖಾತೆಗೆ ಬೀಳುತ್ತದೆ? ಪಿಟಿ ಇಲ್ಲದ ಹೊತ್ತಿನಲ್ಲಿ ಫ್ಲೋರ್ ಡ್ಯೂಟಿ ಹಾಕುವವರು ಯಾರು? ಟೀ ಶರ್ಟ್ ಯಾರದು, ರಜೆ ಕೊಡುವವರು ಯಾರು? ಎಲ್ಲದಕ್ಕೂ ಉತ್ತರ ‘ಜಿಮ್‌ನವರು’ ಎಂದಾದರೆ ‘ಫ್ರೀಲಾನ್ಸ್’ ಎಂಬ ಪದಕ್ಕೆ ಹೆಚ್ಚು ತೂಕವಿರುವುದಿಲ್ಲ.

ಇವತ್ತಿನಿಂದಲೇ ಕಾಗದ ಕೂಡಿಡಿ: ಡ್ಯೂಟಿ ಚಾರ್ಟಿನ ಫೋಟೊ, ‘ಇವತ್ತು 6ಕ್ಕೆ ಬಾ’ ಎಂದ ವಾಟ್ಸ್‌ಆ್ಯಪ್ ಸಂದೇಶ, ಟಾರ್ಗೆಟ್ ಮುಟ್ಟದಿದ್ದಕ್ಕೆ ಹಣ ಕಡಿದ ಲೆಕ್ಕ, ಬ್ಯಾಂಕ್ ಸ್ಟೇಟ್‌ಮೆಂಟ್, ಹಿಡಿದ ಟಿಡಿಎಸ್‌ನ ವಿವರವಿರುವ ತೆರಿಗೆ ಪೋರ್ಟಲ್‌ನ 26ಎಎಸ್. ಹತ್ತು ಜನಕ್ಕಿಂತ ಕಡಿಮೆಯಿಲ್ಲದ ಕಡೆ ತಿಂಗಳ ವೇತನ 21,000 ರೂಪಾಯಿಯೊಳಗಿದ್ದರೆ ಇಎಸ್‌ಐ ಬರುತ್ತದೆ. ಇಪ್ಪತ್ತು ಜನರಿದ್ದರೆ ಪಿಎಫ್. ಆ ಸಂಖ್ಯೆ ಮುಟ್ಟದ ಹಾಗೆ ನೋಡಿಕೊಳ್ಳಲಿಕ್ಕೇ ಅರ್ಧ ಜನರನ್ನು ಕನ್ಸಲ್ಟೆಂಟ್ ಎಂದು ತೋರಿಸುವುದು ಈ ಉದ್ಯಮದ ಹಳೆಯ ಚಾಳಿ.

ಪ್ರ: ನಮ್ಮ ಹುಬ್ಬಳ್ಳಿಯಾಗ ಒಂದೊಂದು ಜಿಮ್‌ನಾಗ ಮೂರು ಮಂದಿ, ನಾಕು ಮಂದಿ ಅಷ್ಟ. ಎಷ್ಟು ಮಂದಿ ಇದ್ರ ಯೂನಿಯನ್ ಆಗತೈತ್ರಿ?
— ಟ್ರೇನರ್, ವಿದ್ಯಾನಗರ, ಹುಬ್ಬಳ್ಳಿ

ಉ: ಅರ್ಜಿಗೆ ಸಹಿ ಹಾಕಲು ಏಳು ಜನ ಬೇಕು. ಅದು ಕನಿಷ್ಠ. ಅದರ ಮೇಲೆ ಇನ್ನೊಂದು ಷರತ್ತು: ಯೂನಿಯನ್ ಯಾವ ಸಂಸ್ಥೆಗೆ ಅಥವಾ ಯಾವ ಉದ್ಯಮಕ್ಕೆ ಸೇರಿದ್ದೋ ಅಲ್ಲಿನ ಕಾರ್ಮಿಕರಲ್ಲಿ ಶೇ 10 ಇಲ್ಲವೇ 100 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿ ಅರ್ಜಿ ಹಾಕುವ ದಿನ ಸದಸ್ಯರಾಗಿರಬೇಕು. 40 ಜನರಿರುವ ದೊಡ್ಡ ಜಿಮ್‌ನಲ್ಲಿ ಶೇ 10 ಅಂದರೆ ನಾಲ್ಕೇ ಜನ. ಆದರೂ ಏಳು ಬೇಕೇ ಬೇಕು. ಮೂರು ಜನರ ಜಿಮ್‌ನಲ್ಲಿ ಪ್ರತ್ಯೇಕ ಯೂನಿಯನ್ ಸಾಧ್ಯವೇ ಇಲ್ಲ.

ಹಾಗಾಗಿ ನಮ್ಮ ಸಲಹೆ ಒಂದೇ: ಒಂದು ಜಿಮ್ಮಿನ ಸಂಘ ಬೇಡ, ಇಡೀ ಉದ್ಯಮದ ಸಂಘ ಕಟ್ಟಿ. ಹುಬ್ಬಳ್ಳಿ ಮತ್ತು ಧಾರವಾಡ ಸೇರಿದರೆ 100 ಜನ ಕಷ್ಟವಲ್ಲ. ಟ್ರೇನರ್‌ಗಳು ಜಿಮ್ ಬದಲಾಯಿಸುತ್ತಲೇ ಇರುತ್ತಾರೆ ಎನ್ನುವುದೂ ಇದಕ್ಕೆ ಕಾರಣ. ಒಂದೇ ಜಿಮ್ಮಿನ ಸಂಘವಾದರೆ ಇಬ್ಬರು ಬಿಟ್ಟು ಹೋದ ದಿನವೇ ಸಂಖ್ಯೆ ಕುಸಿಯುತ್ತದೆ. ಈ ಕನಿಷ್ಠ ಸಂಖ್ಯೆ ಅರ್ಜಿಯ ದಿನಕ್ಕೆ ಮಾತ್ರವಲ್ಲ, ಮುಂದೆಯೂ ಸದಾ ಇರಬೇಕು. 100ಕ್ಕೆ ನಿಲ್ಲಬೇಡಿ, 140 ಆದ ಮೇಲೆ ಅರ್ಜಿ ಹಾಕಿ. ಸಂಘದ ಹೆಸರಿನಲ್ಲಿ ‘ಟ್ರೇನರ್’ ಎಂದಷ್ಟೇ ಇಡಬೇಡಿ. ಮುಂಬಾಗಿಲ ಡೆಸ್ಕಿನವರು, ಹೌಸ್‌ಕೀಪಿಂಗ್‌ನವರು, ಈಜುಕೊಳದ ಕೋಚ್, ಯೋಗ ಕಲಿಸುವವರು ಎಲ್ಲರಿಗೂ ಜಾಗವಿರುವ ಹೆಸರಿಡಿ. ಬೆಳಗ್ಗೆ ನೆಲ ಒರೆಸುವ ಅಮ್ಮನಿಗೂ ಕನಿಷ್ಠ ವೇತನದ ಪ್ರಶ್ನೆ ಇದೆ, ಅದು ನಿಮ್ಮದಕ್ಕಿಂತ ದೊಡ್ಡದು.

ಪ್ರ: ನೋಂದಣಿಯ ಹಂತಗಳನ್ನು ತಿಳಿಸಿ. ನಾವು ‘ವೆಲ್‌ಫೇರ್ ಅಸೋಸಿಯೇಷನ್’ ಅಂತ ಸೊಸೈಟಿ ರಿಜಿಸ್ಟರ್ ಮಾಡಿಸೋಣ ಅಂದುಕೊಂಡಿದ್ದೆವು. ಸಾಕಾಗುತ್ತದೆಯೇ?
— ಆರು ಮಂದಿ ಗೆಳೆಯರು, ಮೈಸೂರು

ಉ: ಸಾಕಾಗುವುದಿಲ್ಲ. ಇದು ನಾವು ಅತಿ ಹೆಚ್ಚು ಕಾಣುವ ತಪ್ಪು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೂ ಏಳು ಜನ ಸಾಕು, ಕೆಲಸವೂ ಬೇಗ ಮುಗಿಯುತ್ತದೆ, ಹಾಗಾಗಿ ಎಲ್ಲರೂ ಅತ್ತ ಹೋಗುತ್ತಾರೆ. ಆ ಸಂಘ ರಕ್ತದಾನ ಶಿಬಿರ ಮಾಡಬಹುದು, ಬಾಡಿ ಬಿಲ್ಡಿಂಗ್ ಸ್ಪರ್ಧೆ ನಡೆಸಬಹುದು. ಮಾಲೀಕರ ಎದುರು ಕಾರ್ಮಿಕರ ಪ್ರತಿನಿಧಿಯಾಗಿ ಕೂರುವ ಹಕ್ಕು ಮಾತ್ರ ಅದಕ್ಕಿಲ್ಲ. ಕಾರ್ಮಿಕ ವಿವಾದದ ವಿಚಾರದಲ್ಲಿ ಯೂನಿಯನ್ ಪದಾಧಿಕಾರಿಗಳಿಗೆ ಕಾನೂನು ಕೊಡುವ ರಕ್ಷಣೆಯೂ ಸಿಗುವುದಿಲ್ಲ.

ಮೊದಲು ಒಂದು ಸಭೆ ಕರೆಯಿರಿ. ಟ್ರೇನರ್‌ಗಳಿಗೆ ಬಿಡುವಿರುವುದು ಮಧ್ಯಾಹ್ನ 12ರಿಂದ 3ರೊಳಗೆ, ಆ ಹೊತ್ತಿಗೇ ಇಡಿ. ಯಾವ ಜಿಮ್ಮಿನ ಆವರಣದಲ್ಲೂ ಬೇಡ. ನಡಾವಳಿ ಪುಸ್ತಕದಲ್ಲಿ ತಾರೀಖು, ಸ್ಥಳ, ಹಾಜರಿದ್ದವರ ಸಹಿ ಬರಲಿ. ಆ ಸಭೆಯಲ್ಲೇ ಎರಡು ಬೇರೆ ಬೇರೆ ಠರಾವು ಆಗಬೇಕು: ನಿಯಮಾವಳಿಯನ್ನು ಒಪ್ಪಿದ್ದಕ್ಕೆ ಒಂದು, ಅರ್ಜಿ ಹಾಕಲು ಈ ಏಳು ಜನಕ್ಕೆ ಅಧಿಕಾರ ಕೊಟ್ಟದ್ದಕ್ಕೆ ಇನ್ನೊಂದು. ಎರಡನ್ನೂ ಸೇರಿಸಿ ಒಂದೇ ವಾಕ್ಯ ಬರೆದರೆ ಆಮೇಲೆ ಆಕ್ಷೇಪಣೆ ಬಂದು ಮತ್ತೆ ಸಭೆ ಕರೆಯಬೇಕಾಗುತ್ತದೆ. ಅರ್ಜಿಯ ಜೊತೆ ಈ ಎರಡು ಠರಾವಿನ ಪ್ರತಿ, ನಿಯಮಾವಳಿ ಮತ್ತು ಅಫಿಡವಿಟ್ ಹೋಗಬೇಕು. ಅರ್ಜಿದಾರರ ಹೆಸರು, ಉದ್ಯೋಗ, ಕೆಲಸದ ಸ್ಥಳದ ವಿಳಾಸ ಇರಬೇಕು. ಪದಾಧಿಕಾರಿಗಳದ್ದಾದರೆ ಹುದ್ದೆ, ಹೆಸರು, ವಯಸ್ಸು, ವಿಳಾಸ, ಉದ್ಯೋಗ.

ನಿಯಮಾವಳಿಯಲ್ಲಿ ಏನಿಲ್ಲದಿದ್ದರೆ ಅರ್ಜಿ ವಾಪಸ್ ಬರುತ್ತದೆ ಎಂಬುದನ್ನು ನೋಡಿಕೊಳ್ಳಿ. ಹಣವನ್ನು ಯಾವ ಯಾವ ಕೆಲಸಕ್ಕೆ ಬಳಸಬಹುದು, ಸದಸ್ಯರ ಪಟ್ಟಿ ಎಲ್ಲಿರುತ್ತದೆ, ಅದನ್ನು ಯಾರು ನೋಡಬಹುದು, ಚಂದಾ ಎಷ್ಟು, ಕಾರ್ಯಕಾರಿ ಸಮಿತಿಯನ್ನು ಆರಿಸುವುದು ಮತ್ತು ಇಳಿಸುವುದು ಹೇಗೆ, ವಾರ್ಷಿಕ ಲೆಕ್ಕ ತಪಾಸಣೆ ಯಾರಿಂದ, ನಿಯಮ ತಿದ್ದುವುದು ಹೇಗೆ, ಸಂಘವನ್ನು ವಿಸರ್ಜಿಸುವುದು ಹೇಗೆ. ಕೊನೆಯದನ್ನು ‘ಈಗಲೇ ಅಪಶಕುನ ಏಕೆ’ ಎಂದು ಬಿಟ್ಟುಬಿಡುವವರುಂಟು. ಬಿಡಬೇಡಿ. ಹೊರಗಿನವರು, ಅಂದರೆ ವಕೀಲರು ಅಥವಾ ದೊಡ್ಡ ಸಂಘಟನೆಯ ನಾಯಕರು, ಪದಾಧಿಕಾರಿಗಳಾಗಬಹುದು, ಆದರೆ ಮಿತಿಯೊಳಗೆ: ಮೂರನೇ ಒಂದು ಭಾಗ ಅಥವಾ ಐದು ಜನ, ಯಾವುದು ಕಡಿಮೆಯೋ ಅದು. ಒಂಬತ್ತು ಜನರಲ್ಲಿ ಮೂವರು. ಅಸಂಘಟಿತ ವಲಯದ ಯೂನಿಯನ್ ಆದರೆ ಅರ್ಧದವರೆಗೆ ಅವಕಾಶವಿದೆ. ಅವಕಾಶವಿದೆ ಎಂದು ತುಂಬಿಕೊಳ್ಳಬೇಡಿ. ಅಧ್ಯಕ್ಷರು ಹೊರಗಿನವರಾದರೂ ಕಾರ್ಯದರ್ಶಿ ಮತ್ತು ಖಜಾಂಚಿ ಜಿಮ್ ನೆಲದಲ್ಲಿ ನಿಂತು ದುಡಿಯುವವರೇ ಆಗಿರಲಿ.

ಸಹಿ ಹಾಕುವ ಏಳು ಜನರನ್ನು ಏಳು ಜಿಮ್‌ಗಳಿಂದ ಆರಿಸಿ. ಎಲ್ಲರೂ ಒಂದೇ ಕಡೆಯವರಾದರೆ ಒಂದೇ ದಿನ ಏಳೂ ಜನ ಬೀದಿಗೆ ಬೀಳಬಹುದು. ಮೈಸೂರಿನವರು ಮೊದಲು ಅಲ್ಲಿನ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಬೆಂಗಳೂರಿನಲ್ಲಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ. ‘ನಮ್ಮಂಥ ಕೆಲಸಕ್ಕೆ ಯೂನಿಯನ್ ಇರುತ್ತದೆಯೇ’ ಎಂದು ಅಳುಕಬೇಡಿ. ಬೆಂಗಳೂರಿನ ಐಟಿ ನೌಕರರು 2017ರಲ್ಲಿ ಕೆಐಟಿಯು ಎಂಬ ತಮ್ಮ ಯೂನಿಯನ್ ಕಟ್ಟಿದಾಗ ಅವರಿಗೂ ಇದೇ ಮಾತು ಹೇಳಿದ್ದರು.

ಪ್ರ: ಚಂದಾ ಎಷ್ಟಿರಬೇಕು? ಈಗ ಒಬ್ಬರ ಫೋನ್‌ಪೇಗೆ ಹಾಕುತ್ತಿದ್ದೇವೆ.
— ಜುಂಬಾ ಇನ್‌ಸ್ಟ್ರಕ್ಟರ್, ತುಮಕೂರು

ಉ: ಅದನ್ನು ಇವತ್ತೇ ನಿಲ್ಲಿಸಿ. ಒಳ್ಳೆಯ ಸಂಘಗಳು ಒಡೆಯುವುದು ಇಲ್ಲೇ. ಮಾಲೀಕರ ಒತ್ತಡಕ್ಕಿಂತ ‘ಆ ದುಡ್ಡೇನಾಯ್ತು’ ಎಂಬ ಒಂದು ಪ್ರಶ್ನೆ ಹೆಚ್ಚು ಸಂಘಗಳನ್ನು ಮುಗಿಸಿದೆ. ಒಬ್ಬರ ಸ್ವಂತ ಖಾತೆಯಲ್ಲಿ ಮನೆಯ ಹಣ, ಸಂಘದ ಹಣ ಬೆರೆತರೆ ಪ್ರಾಮಾಣಿಕರೂ ಲೆಕ್ಕ ಕೊಡಲಾರರು. ಕ್ರಮಸಂಖ್ಯೆ ಅಚ್ಚಾಗಿರುವ ಎರಡು ಪ್ರತಿಯ ರಸೀದಿ ಪುಸ್ತಕ ತನ್ನಿ. ನೋಂದಣಿ ಪತ್ರ ಬಂದ ಮೇಲೆ ಸಂಘದ ಹೆಸರಿನಲ್ಲಿ ಪ್ಯಾನ್, ಬ್ಯಾಂಕ್ ಖಾತೆ ಮಾಡಿಸಿ, ಇಬ್ಬರ ಸಹಿಯಿಲ್ಲದೆ ಹಣ ತೆಗೆಯದಂತೆ ಇರಲಿ. ತಿಂಗಳಿಗೆ 100 ರೂಪಾಯಿ, ಹೊಸಬರಿಗೆ ಮತ್ತು ಹೌಸ್‌ಕೀಪಿಂಗ್‌ನವರಿಗೆ 30 ಎಂದು ಇಟ್ಟರೆ ಸಾಕು. 140 ಜನರಿದ್ದು ಅರ್ಧದಷ್ಟೇ ವಸೂಲಾದರೂ ವಕೀಲರ ನೋಟಿಸು, ಲೆಕ್ಕಪರಿಶೋಧಕರ ಶುಲ್ಕ, ಓಡಾಟದ ಖರ್ಚು ನಡೆಯುತ್ತದೆ. ಡಿಸೆಂಬರ್ 31ಕ್ಕೆ ಮುಗಿಯುವ ವರ್ಷದ ಲೆಕ್ಕವನ್ನು ತಪಾಸಣೆ ಮಾಡಿಸಿ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಇದನ್ನು ಮರೆತರೆ ನೋಂದಣಿಯೇ ರದ್ದಾಗಬಹುದು.

ಪ್ರ: ಮೊದಲ ಬೇಡಿಕೆ ಯಾವುದಿರಬೇಕು? ಎಲ್ಲರೂ ಕಮಿಷನ್ ಶೇ 40ರಿಂದ 60ಕ್ಕೆ ಏರಿಸಬೇಕು ಅನ್ನುತ್ತಾರೆ.
— ಫ್ಲೋರ್ ಟ್ರೇನರ್, ಜಯನಗರ, ಬೆಂಗಳೂರು

ಉ: ಕಮಿಷನ್ ಬೇಡಿಕೆ ನ್ಯಾಯವಾದದ್ದೇ. ಆದರೆ ಅದು ಪಿಟಿ ಇರುವವರನ್ನೂ ಇಲ್ಲದವರನ್ನೂ ಮೊದಲ ದಿನವೇ ಬೇರೆ ಮಾಡುತ್ತದೆ. ಎಲ್ಲರ ಮೈಯನ್ನೂ ಸವೆಸುತ್ತಿರುವುದು ಸ್ಪ್ಲಿಟ್ ಶಿಫ್ಟ್, ಅಂದರೆ ಬೆಳಗ್ಗೆ ಒಂದು, ಸಂಜೆ ಒಂದು ಎಂದು ಒಡೆದ ಪಾಳಿ. ಅಲ್ಲಿಂದ ಶುರು ಮಾಡಿ, ಏಕೆಂದರೆ ಅಲ್ಲಿ ಕಾನೂನು ಈಗಾಗಲೇ ನಿಮ್ಮ ಪರ ಇದೆ.

ಒಂದು ಸಾಮಾನ್ಯ ದಿನದ ಬಯೋಮೆಟ್ರಿಕ್ ತೆಗೆದುಕೊಳ್ಳಿ: ಬೆಳಗ್ಗೆ 5:25 ಒಳಗೆ, 10:40 ಹೊರಗೆ. ಸಂಜೆ 4:20 ಒಳಗೆ, ರಾತ್ರಿ 9:50 ಹೊರಗೆ. ಬೆಳಗ್ಗೆ 5 ಗಂಟೆ 15 ನಿಮಿಷ, ಸಂಜೆ 5 ಗಂಟೆ 30 ನಿಮಿಷ, ಒಟ್ಟು 10 ಗಂಟೆ 45 ನಿಮಿಷ ಕೆಲಸ. ಮೊದಲ ಹೆಬ್ಬೆಟ್ಟಿನಿಂದ ಕೊನೆಯ ಹೆಬ್ಬೆಟ್ಟಿನವರೆಗೆ 16 ಗಂಟೆ 25 ನಿಮಿಷ. ಗ್ರಾಹಕರಿಗೆ ಸೇವೆ ಕೊಡುವ ಜಾಗವೂ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ‘ಅಂಗಡಿ’ಯೇ. ಆ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓವರ್‌ಟೈಮ್ ಸೇರಿಸಿದರೂ ದಿನಕ್ಕೆ 10 ದಾಟಬಾರದು. ಬಿಡುವೂ ಸೇರಿ ದಿನದ ಹರವು 12 ಗಂಟೆಯೊಳಗೆ ಮುಗಿಯಬೇಕು. ‘ಮಧ್ಯದಲ್ಲಿ ಐದು ಗಂಟೆ ಮನೆಗೆ ಕಳಿಸುತ್ತೇವಲ್ಲ’ ಎಂಬ ಸಮಜಾಯಿಷಿ ಈ 12 ಗಂಟೆಯ ಮುಂದೆ ನಿಲ್ಲುವುದಿಲ್ಲ.

ಹಣದ ಲೆಕ್ಕವನ್ನೂ ಮಾಡಿ. ವಾರಕ್ಕೆ ಆರು ದಿನವಾದರೆ 64 ಗಂಟೆ 30 ನಿಮಿಷ, ಅಂದರೆ 16 ಗಂಟೆ 30 ನಿಮಿಷ ಹೆಚ್ಚು. ಓವರ್‌ಟೈಮಿಗೆ ಎರಡು ಪಟ್ಟು ಕೂಲಿ. ಸಂಬಳ 18,000 ಎಂದಿಟ್ಟುಕೊಂಡು ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆಯಂತೆ ಭಾಗಿಸಿದರೆ ಗಂಟೆಗೆ ಸುಮಾರು 86 ರೂಪಾಯಿ 50 ಪೈಸೆ. ಎರಡು ಪಟ್ಟು 173. ವಾರಕ್ಕೆ ಬಾಕಿ ಸುಮಾರು 2,850 ರೂಪಾಯಿ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಸದಸ್ಯರಿಗೆ ತೋರಿಸಿ, ಭಾಷಣ ಬೇಕಾಗುವುದಿಲ್ಲ. ಬಯೋಮೆಟ್ರಿಕ್ ವರದಿ ನಿಮ್ಮ ಕೈಗೆ ಸಿಗದಿದ್ದರೆ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿದಿನ ನಾಲ್ಕು ಹೊತ್ತುಗಳನ್ನು ಬರೆದಿಡಿ. ದಿನದಿನವೂ ಬರೆದ ಪುಸ್ತಕಕ್ಕೆ ಇರುವ ಬೆಲೆ ತಿಂಗಳ ಕೊನೆಗೆ ಕೂತು ತುಂಬಿದ ಪುಸ್ತಕಕ್ಕಿಲ್ಲ.

ಎರಡನೇ ಬೇಡಿಕೆ: ನೇಮಕಾತಿ ಪತ್ರ. ಇದೇ ಕಾಯ್ದೆಯಂತೆ ಸೇರಿದ 30 ದಿನದೊಳಗೆ ಕೊಡಬೇಕು. ಇದರಲ್ಲಿ ಇನ್ನೂ ಒಂದು ಮರ್ಮವಿದೆ. ನೋಂದಣಿಯಾಗಲು ಫ್ರೀಲಾನ್ಸರ್ ಕೂಡ ಲೆಕ್ಕಕ್ಕೆ ಬರುತ್ತಾರೆ. ಆದರೆ ಒಂದು ಸಂಸ್ಥೆಯಲ್ಲಿ ಹಲವು ಯೂನಿಯನ್‌ಗಳಿದ್ದಾಗ ಮಾತುಕತೆಗೆ ಕೂರುವ ಏಕೈಕ ಯೂನಿಯನ್ ಆಗಲು ಆ ಸಂಸ್ಥೆಯ ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ಶೇ 51 ನಿಮ್ಮವರಾಗಿರಬೇಕು. ಹಾಜರಿ ಪಟ್ಟಿಯಲ್ಲಿ ಹೆಸರೇ ಇಲ್ಲದ ಟ್ರೇನರ್ ಆ ಎಣಿಕೆಗೆ ಸಿಗುವುದಿಲ್ಲ. ಪಟ್ಟಿಗೆ ಹೆಸರು ಸೇರಿಸುವ ಹೋರಾಟ ಕಮಿಷನ್ ಹೋರಾಟಕ್ಕಿಂತ ಮೊದಲು ಬರಬೇಕು ಎನ್ನುವುದು ಇದಕ್ಕೇ.

ಪ್ರ: ವಾಟ್ಸ್‌ಆ್ಯಪ್ ಗ್ರೂಪಿನ ಸ್ಕ್ರೀನ್‌ಶಾಟ್ ಮಾಲೀಕರಿಗೆ ಹೋಯಿತು. ಮರುದಿನವೇ ಇಬ್ಬರನ್ನು ‘ನಾಳೆಯಿಂದ ಬರಬೇಡಿ’ ಎಂದರು. ಏನು ಮಾಡಬೇಕು?
— ಹೆಸರು ಬೇಡ, ಬೆಂಗಳೂರು

ಉ: ಮೊದಲನೆಯದಾಗಿ, ರಾಜೀನಾಮೆ ಪತ್ರಕ್ಕಾಗಲಿ ಲೆಕ್ಕವೆಲ್ಲ ಚುಕ್ತಾ ಆಯಿತು ಎನ್ನುವ ‘ಫುಲ್ ಅಂಡ್ ಫೈನಲ್’ ಕಾಗದಕ್ಕಾಗಲಿ ಸಹಿ ಹಾಕಬೇಡಿ. ಬಾಕಿ ಸಂಬಳ ಕೊಡುತ್ತೇವೆ ಎಂದು ಕರೆದು ಅದಕ್ಕೇ ಸಹಿ ಹಾಕಿಸಿಕೊಳ್ಳುತ್ತಾರೆ. ಮರುದಿನ ಬೆಳಗ್ಗೆ ಎಂದಿನ ಹೊತ್ತಿಗೆ ಕೆಲಸಕ್ಕೆ ಹೋಗಿ, ತಡೆದರೆ ಅಲ್ಲೇ ನಿಂತು ‘ಕೆಲಸಕ್ಕೆ ಬಂದಿದ್ದೇನೆ, ಒಳಗೆ ಬಿಡುತ್ತಿಲ್ಲ’ ಎಂದು ಮ್ಯಾನೇಜರಿಗೆ ಇಮೇಲ್ ಕಳಿಸಿ. ಹಾಗೆ ಮಾಡದಿದ್ದರೆ ‘ತಾವಾಗಿಯೇ ಬಿಟ್ಟುಹೋದರು’ ಎಂಬ ಕಥೆ ತಯಾರಾಗುತ್ತದೆ. ಅದೇ ವಾರ ಸ್ಪೀಡ್ ಪೋಸ್ಟಿನಲ್ಲಿ ಲಿಖಿತ ಪತ್ರ ಕಳಿಸಿ, ಪ್ರತಿಯನ್ನು ಕಾರ್ಮಿಕ ಇಲಾಖೆಗೆ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಆರು ತಿಂಗಳು ಸತತ ಕೆಲಸ ಮಾಡಿದವರನ್ನು ತಕ್ಕ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ ಕೊಡದೆ ತೆಗೆಯುವಂತಿಲ್ಲ. ಯೂನಿಯನ್ ಸೇರಿದ್ದಕ್ಕೆ ಶಿಕ್ಷಿಸುವುದು ಸಂಹಿತೆಯ ಎರಡನೇ ಅನುಸೂಚಿಯಲ್ಲಿರುವ ಅನುಚಿತ ಕಾರ್ಮಿಕ ಪದ್ಧತಿ, ಅದಕ್ಕೆ ದಂಡವಿದೆ. ಆ ಸ್ಕ್ರೀನ್‌ಶಾಟೇ ನಿಮ್ಮ ಸಾಕ್ಷಿಯೂ ಹೌದು: ಗ್ರೂಪಿನ ತಾರೀಖು, ಕೆಲಸದಿಂದ ತೆಗೆದ ತಾರೀಖು ಎರಡೂ ಪಕ್ಕಪಕ್ಕ ನಿಲ್ಲುತ್ತವೆ.

ಮುಂದಕ್ಕೆ, 200 ಜನರ ಗ್ರೂಪಿನಲ್ಲಿ ಯೋಜನೆ ಚರ್ಚಿಸಬೇಡಿ. ಗ್ರೂಪು ಸಭೆಯ ಸಮಯ ತಿಳಿಸುವುದಕ್ಕೆ ಇರಲಿ. ಮಾತು ಎದುರಾಎದುರು ಆಗಲಿ, ಒಂದೊಂದು ಜಿಮ್‌ಗೆ ಒಬ್ಬರಂತೆ.

ಪ್ರ: ಜನವರಿ 1ರಂದು ಹೊಸ ಮೆಂಬರ್‌ಗಳ ನೂಕುನುಗ್ಗಲು. ಅವತ್ತು ಎಲ್ಲರೂ ಒಟ್ಟಿಗೆ ರಜೆ ಹಾಕಿದರೆ?
— ಟ್ರೇನರ್, ಬೆಳಗಾವಿ

ಉ: ಬೇಡ. ಹೊಸ ಸಂಹಿತೆಯಲ್ಲಿ ಶೇ 50 ಅಥವಾ ಹೆಚ್ಚು ಕಾರ್ಮಿಕರು ಒಂದೇ ದಿನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರ. ಮುಷ್ಕರಕ್ಕೆ 14 ದಿನ ಮುಂಚೆ ನೋಟಿಸು ಕೊಡಬೇಕು. ಕೊಡದಿದ್ದರೆ ಅಕ್ರಮ ಮುಷ್ಕರವಾಗಿ 1,000ದಿಂದ 10,000 ರೂಪಾಯಿ ದಂಡ, ಒಂದು ತಿಂಗಳವರೆಗೆ ಜೈಲು ಅಥವಾ ಎರಡೂ ಬರಬಹುದು. ಸಂಧಾನ ನಡೆಯುತ್ತಿರುವಾಗಲೂ ಮುಷ್ಕರ ಹೂಡುವಂತಿಲ್ಲ. ಜನವರಿಯ ನೂಕುನುಗ್ಗಲು ನಿಮ್ಮ ಬಲ ಎಂಬುದು ನಿಜ. ಅದನ್ನು ನವೆಂಬರಿನಲ್ಲೇ ಬೇಡಿಕೆ ಪಟ್ಟಿ ಕೊಟ್ಟು ಮಾತುಕತೆಯ ಮೇಜಿನ ಮೇಲೆ ಬಳಸಿ. ಕಪ್ಪು ಪಟ್ಟಿ ಕಟ್ಟಿಕೊಂಡು ಕೆಲಸ ಮಾಡುವುದಕ್ಕೆ, ಬಿಡುವಿನ ಹೊತ್ತಿನಲ್ಲಿ ಸದಸ್ಯರಿಗೆ ಕರಪತ್ರ ಹಂಚುವುದಕ್ಕೆ ಮುಷ್ಕರದ ನೋಟಿಸು ಬೇಕಿಲ್ಲ.

ಪ್ರ: ಒಬ್ಬ ಮೆಂಬರ್ ಅಸಭ್ಯವಾಗಿ ವರ್ತಿಸುತ್ತಾರೆ. ದೂರು ಕೊಟ್ಟರೆ ‘ಅವರು ವರ್ಷದ ಪ್ಯಾಕೇಜ್ ತೆಗೆದುಕೊಂಡವರು, ಹೊಂದಿಕೊಂಡು ಹೋಗಮ್ಮ’ ಎನ್ನುತ್ತಾರೆ.
— ಮಹಿಳಾ ಟ್ರೇನರ್, ಮಂಗಳೂರು

ಉ: ಹೊಂದಿಕೊಳ್ಳಬೇಕಾಗಿಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ, ಅಲ್ಲಿಗೆ ಬರುವ ಹೊರಗಿನವರಿಂದಲೂ ರಕ್ಷಣೆ ಕೊಡುವುದು ಮಾಲೀಕರ ಹೊಣೆ. ಹತ್ತು ಜನರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಇಲ್ಲದಿದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಿ. ಘಟನೆ ನಡೆದ ಮೂರು ತಿಂಗಳೊಳಗೆ, ಬರವಣಿಗೆಯಲ್ಲಿ. ಕಾಯ್ದೆ ‘ನೌಕರ’ ಎಂಬುದನ್ನು ಇಲ್ಲಿ ಬಹಳ ಅಗಲವಾಗಿ ಹಿಡಿದಿದೆ, ಕನ್ಸಲ್ಟೆಂಟ್ ಎಂದು ಬರೆದುಕೊಟ್ಟರೂ ನೀವು ಹೊರಗುಳಿಯುವುದಿಲ್ಲ. ಯೂನಿಯನ್ ಕಾರ್ಯಕಾರಿ ಸಮಿತಿಯಲ್ಲಿ ಮಹಿಳೆಯರು ಒಬ್ಬರಲ್ಲ, ಕಡೇಪಕ್ಷ ಮೂವರಿರಲಿ. ಒಬ್ಬರೇ ಇದ್ದರೆ ಈ ದೂರುಗಳ ಭಾರವೆಲ್ಲ ಅವರ ಮೇಲೇ ಬೀಳುತ್ತದೆ.

ಪ್ರ: ಕೆಲಸ ಬಿಟ್ಟರೆ ಒಂದು ವರ್ಷ 5 ಕಿ.ಮೀ. ಒಳಗೆ ಬೇರೆ ಜಿಮ್ ಸೇರುವಂತಿಲ್ಲ ಎಂದು ಬಾಂಡ್ ಬರೆಸಿಕೊಂಡಿದ್ದಾರೆ. ಸರ್ಟಿಫಿಕೇಟಿನ ಮೂಲಪ್ರತಿಯೂ ಅವರ ಬಳಿ ಇದೆ.
— ಟ್ರೇನರ್, ದಾವಣಗೆರೆ

ಉ: ಕೆಲಸ ಬಿಟ್ಟ ಮೇಲೆ ದುಡಿಯಬಾರದು ಎಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನಂತೆ ಅನೂರ್ಜಿತ. ಕೆಲಸದಲ್ಲಿರುವಾಗ ಪಕ್ಕದ ಜಿಮ್‌ನಲ್ಲಿ ದುಡಿಯಬೇಡ ಎನ್ನುವುದು ಮಾತ್ರ ನಡೆಯುತ್ತದೆ. ‘ಇಷ್ಟು ವರ್ಷ ಇರಬೇಕು, ಇಲ್ಲದಿದ್ದರೆ ಇಷ್ಟು ಹಣ’ ಎಂಬ ಬಾಂಡು ಬೇರೆ ವಿಷಯ. 2025ರ ಮೇ ತಿಂಗಳಲ್ಲಿ ಕರ್ನಾಟಕದಿಂದ ಹೋದ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಥ 2 ಲಕ್ಷ ರೂಪಾಯಿಯ ಬಾಂಡನ್ನು ಎತ್ತಿಹಿಡಿದಿದೆ. ಆದ್ದರಿಂದ ನಿಮ್ಮ ಬಾಂಡಿನಲ್ಲಿ ಯಾವ ವಾಕ್ಯವಿದೆ ಎಂದು ಮೊದಲು ಓದಿ, ಓದಲು ಪ್ರತಿಯೇ ಇಲ್ಲದಿದ್ದರೆ ಇಮೇಲಿನಲ್ಲಿ ಕೇಳಿ. ಮೂಲಪ್ರತಿಯನ್ನು ವಾಪಸ್ ಕೇಳುವ ಪತ್ರವನ್ನು ಬೇರೆಯಾಗಿ, ಏಳು ದಿನದ ಗಡುವು ಇಟ್ಟು ಕಳಿಸಿ. ಬಿಡುವಾಗ ಕ್ಲೈಂಟ್‌ಗಳ ಫೋನ್ ನಂಬರಿನ ಪಟ್ಟಿಯನ್ನು ಜಿಮ್ಮಿನ ಕಂಪ್ಯೂಟರಿನಿಂದ ಫೋಟೊ ತೆಗೆದುಕೊಳ್ಳಬೇಡಿ. ಅಲ್ಲಿ ಮಾತ್ರ ಅವರ ದೂರಿಗೆ ಹುರುಳು ಬರುತ್ತದೆ. ಕ್ಲೈಂಟ್ ತಾವಾಗಿ ನಿಮ್ಮನ್ನು ಹುಡುಕಿಕೊಂಡು ಬಂದರೆ ಯಾರೂ ತಡೆಯಲಾರರು.